ಎಂಟು ಕಾದಂಬರಿ ಬೇಡ, ಒಂದು ಸಾಕು. ಆದ್ರೆ ಪೂರ್ತಿ ಓದಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಂದೆ ಬರೆದ ಪತ್ರ ಓದಿದೆ. ಮಗಳ ಕಾಲೇಜಿನಿಂದ ಬ್ರಿಟನ್ನಿಗೆ ಹತ್ತು ದಿನದ ಪ್ರವಾಸ ಹೊರಟಿದ್ದಾರಂತೆ. ಹೊರಡುವ ಮುಂಚೆ ಎಂಟು ಹಳೇ ಇಂಗ್ಲಿಷ್ ಕಾದಂಬರಿ ಓದಿರಬೇಕು ಅಂತ ಪಟ್ಟಿ ಕೊಟ್ಟಿದ್ದಾರಂತೆ. ಡಿಕನ್ಸ್, ಜೇನ್ ಆಸ್ಟಿನ್, ಬ್ರಾಂಟೆ ಅಕ್ಕತಂಗಿಯರು, ಹಾರ್ಡಿ, ಹೀಗೆ. ಸುಮಾರು ಮೂರು ಲಕ್ಷ ಕಟ್ಟಿದ್ದೂ ಅಲ್ಲದೆ ಇನ್ನೂರು ವರ್ಷ ಹಳೇ ಕಥೆ ಓದಿಸಿ ಮಗಳ ನಿದ್ದೆ ಕೆಡಿಸುತ್ತಿದ್ದಾರೆ, ಇದರಿಂದ ಏನು ಉಪಯೋಗ ಅಂತ ಅವರ ಸಿಟ್ಟು.

ಆ ಸಿಟ್ಟು ಅರ್ಧ ಸರಿ, ಅರ್ಧ ತಪ್ಪು. ಇದನ್ನು ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಮೂವತ್ತೊಂದು ವರ್ಷ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಎರಡು ಸಲ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ ಬಂದಿದ್ದೇನೆ. ಮೊದಲನೇ ಸಲ ಆ ಕಾಲೇಜಿನವರು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ.

ಅದು 2017. ಇಪ್ಪತ್ತೆರಡು ಮಕ್ಕಳು. ನಾನು ದೊಡ್ಡ ಹುಮ್ಮಸ್ಸಿನಲ್ಲಿ ಆರು ಕಾದಂಬರಿಗಳ ಪಟ್ಟಿ ಟೈಪ್ ಮಾಡಿಸಿ ಹಂಚಿದೆ. ಯಾರೂ ಓದಲಿಲ್ಲ. ಓದಲಿಲ್ಲ ಅಂತ ಹೇಳಲೂ ಇಲ್ಲ. ಎಲ್ಲರೂ ನೆಟ್‌ನಲ್ಲಿ ಎರಡು ಪುಟದ ಸಾರಾಂಶ ನೋಡಿಕೊಂಡು ಬಂದಿದ್ದರು. ಬ್ರಾಂಟೆ ಕಾದಂಬರಿಯ ಹೀತ್‌ಕ್ಲಿಫ್ ಯಾರು ಅಂದರೆ ಹೇಳುತ್ತಿದ್ದರು, ಆಸ್ಟಿನ್ ಕಾದಂಬರಿಯ ನಾಯಕ ಡಾರ್ಸಿಗೆ ವರ್ಷಕ್ಕೆ ಎಷ್ಟು ಆದಾಯ ಅಂದರೂ ಹೇಳುತ್ತಿದ್ದರು (ಹತ್ತು ಸಾವಿರ ಪೌಂಡು, ಇದನ್ನು ಮಾತ್ರ ಯಾವ ಹುಡುಗಿಯೂ ಮರೆಯಲ್ಲ). ಆದರೆ ಲಂಡನ್ನಿನಲ್ಲಿ ಬಸ್ಸಿಂದ ಇಳಿದಾಗ ಅವರ ತಲೆಯಲ್ಲಿ ಒಂದು ಬೀದಿಯ ಹೆಸರೂ ಇರಲಿಲ್ಲ. ಟೂರ್ ಕಂಪನಿಯವರು ಎಲ್ಲಿ ಇಳಿಸಿದರೋ ಅಲ್ಲಿ ಇಳಿದೆವು. ಮೇಣದ ಗೊಂಬೆ, ದೊಡ್ಡ ಚಕ್ರ, ಅರಮನೆ ಗೇಟು, ಸೆಲ್ಫಿ, ಮತ್ತೆ ಬಸ್ಸು. ರಾತ್ರಿ ಊಟಕ್ಕೆ ಯಾವುದೋ ಪಂಜಾಬಿ ಹೋಟೆಲಿನ ನಾನ್. ಎಂಟು ದಿನ ಹೀಗೇ ಕಳೆಯಿತು.

ಒಂದು ಘಟನೆ ಮಾತ್ರ ಇನ್ನೂ ನೆನಪಿದೆ. ಮಡಿಕೇರಿ ಕಡೆಯ ಒಬ್ಬ ಹುಡುಗ, ಅವನೊಬ್ಬ ಪಾಪ ನಿಜವಾಗಿ ಡಿಕನ್ಸ್‌ನ ‘ಬ್ಲೀಕ್ ಹೌಸ್’ ತೆರೆದು ಮೊದಲ ಅಧ್ಯಾಯದ ತನಕ ಓದಿದ್ದ. ಆ ಅಧ್ಯಾಯದ ತುಂಬ ಮಂಜು, ನಿಮಗೆ ಗೊತ್ತಿರಬಹುದು. ನದಿ ಮೇಲೆ ಮಂಜು, ಸೇತುವೆ ಮೇಲೆ ಮಂಜು, ಕೋರ್ಟಿನೊಳಗೂ ಮಂಜು. ನಾವು ಹೋಗಿದ್ದು ಜೂನ್. ರಾತ್ರಿ ಒಂಬತ್ತು ಗಂಟೆಗೂ ಬಿಸಿಲು. ಅವನು ಮೂರನೇ ದಿನ ನನ್ನ ಹತ್ತಿರ ಬಂದು, “ಮೇಡಂ, ಎಲ್ಲಿ ಮಂಜು? ಇದಕ್ಕಿಂತ ನಮ್ಮೂರಲ್ಲೇ ಜಾಸ್ತಿ ಇರುತ್ತೆ” ಅಂದ. ಮೋಸ ಹೋದವನ ಹಾಗೆ ಮುಖ. ಆಮೇಲೆ ಕೂತು ಹೇಳಿದೆ. ಅದು ನಿಮ್ಮೂರಿನ ಮಂಜಲ್ಲಪ್ಪ, ಮನೆಮನೆಯ ಒಲೆಯಿಂದ, ಕಾರ್ಖಾನೆಗಳಿಂದ ಬಂದ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ಹಳದಿಯಾಗಿ ಇಳಿಯುತ್ತಿತ್ತು, 1952ರ ಡಿಸೆಂಬರಿನಲ್ಲಿ ಅದರಿಂದ ಸಾವಿರಾರು ಜನ ಸತ್ತರು, 1956ರಲ್ಲಿ ಕಾನೂನು ಮಾಡಿ ಹೊಗೆ ನಿಲ್ಲಿಸಿದರು. ಅವನಿಗೆ ಕುತೂಹಲ ಹುಟ್ಟಿತು. ಇಡೀ ಗುಂಪಿನಲ್ಲಿ ಆ ದೇಶದ ಬಗ್ಗೆ ಒಂದು ಪ್ರಶ್ನೆ ಕೇಳಿದವನು ಅವನೊಬ್ಬನೇ, ಅದೂ ಒಂದೇ ಒಂದು ಅಧ್ಯಾಯ ಓದಿದ್ದಕ್ಕೆ. ಆಗ ನನಗೆ ನನ್ನ ಆರು ಪುಸ್ತಕದ ಪಟ್ಟಿ ನೆನೆದು ನಾಚಿಕೆಯಾಯಿತು.

ಎರಡನೇ ಸಲ, 2023ರಲ್ಲಿ, ಪಟ್ಟಿ ಹರಿದು ಹಾಕಿದೆ. ಒಂದೇ ಪುಸ್ತಕ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’.

ಅದೇ ಯಾಕೆ ಅಂತ ಸಹೋದ್ಯೋಗಿಗಳು ಕೇಳಿದರು. ಕಾರಣ ಸರಳ. ಪಿಪ್ ಅನ್ನುವ ಹಳ್ಳಿಯ ಹುಡುಗ. ಅಪ್ಪ ಅಮ್ಮ ಇಲ್ಲ. ಅಕ್ಕನ ಗಂಡ ಜೋ ಅನ್ನುವ ಕಮ್ಮಾರ ಅವನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾನೆ. ಯಾರೋ ಗುಟ್ಟಾಗಿ ದುಡ್ಡು ಕೊಡುತ್ತಾರೆ, ಹುಡುಗ ಪಟ್ಟಣ ಸೇರುತ್ತಾನೆ, ದೊಡ್ಡ ಮನುಷ್ಯನಾಗಲು ಹೊರಡುತ್ತಾನೆ, ಸಾಕಿದವನನ್ನು ಕಂಡರೇ ನಾಚಿಕೆ ಪಡಲು ಕಲಿಯುತ್ತಾನೆ. ನಮ್ಮ ಕಾಲೇಜಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಅವರೇ ಮೊದಲು ಡಿಗ್ರಿ ಮೆಟ್ಟಿಲು ಹತ್ತಿದವರು.

ಓದುವ ರೀತಿಯನ್ನೂ ಬದಲಾಯಿಸಿದೆ. ಈ ಕಾದಂಬರಿ ಮೊದಲು ಬಂದಿದ್ದು ಪುಸ್ತಕವಾಗಿ ಅಲ್ಲ, ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ. 1860ರ ಡಿಸೆಂಬರಿನಿಂದ 1861ರ ಆಗಸ್ಟ್ ತನಕ, ವಾರಕ್ಕೊಂದು ಕಂತು. ಇದನ್ನು ಹೇಳಿದ ಕೂಡಲೇ ಮಕ್ಕಳ ಭಯ ಇಳಿಯಿತು. ನಮ್ಮಮ್ಮ ವಾರಪತ್ರಿಕೆ ಬರುವ ದಿನ ಅಂಗಡಿಗೆ ನನ್ನನ್ನು ಓಡಿಸುತ್ತಿದ್ದರು, ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ದಾರ ಹಾಕಿ, ಹಳೇ ಕ್ಯಾಲೆಂಡರಿನ ರಟ್ಟು ಕಟ್ಟಿ ಇಡುತ್ತಿದ್ದರು. ಹಾಗೆ ಓದಬೇಕಾದ ಪುಸ್ತಕ ಇದು, ಒಂದೇ ಏಟಿಗೆ ನುಂಗುವುದಲ್ಲ. ಒಟ್ಟು 59 ಅಧ್ಯಾಯ. ವಾರಕ್ಕೆ ಮೂರು. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಒಂದು ಗಂಟೆ. ಇಪ್ಪತ್ತು ವಾರದಲ್ಲಿ ಮುಗಿಯಿತು. ಪುಸ್ತಕ ಕೊಳ್ಳಲೂ ಬೇಕಿರಲಿಲ್ಲ. ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ, ಹಳೇ ಪುಸ್ತಕಗಳ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಎಲ್ಲರ ಮೊಬೈಲಿಗೂ ಹಾಕಿಕೊಂಡೆವು. ಗೊತ್ತಿಲ್ಲದ ಪದ ಬಂದರೆ ಡಿಕ್ಷನರಿ ನೋಡಬೇಡಿ, ಮುಂದೆ ಹೋಗಿ ಅಂದೆ. ಮೊದಲ ಐದಾರು ಅಧ್ಯಾಯ ಎಲ್ಲರೂ ಒದ್ದಾಡಿದರು. ಆಮೇಲೆ ತಾನಾಗೇ ಓಡಿತು.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಥ ಪುಸ್ತಕ ಕಷ್ಟ ಅನ್ನುತ್ತಾರಲ್ಲ, ನನ್ನ ಅನುಭವ ಬೇರೆ. ಜೋ ಓದು ಬರಹ ಗೊತ್ತಿಲ್ಲದವನು. ಅವನ ಇಂಗ್ಲಿಷ್ ಅಡ್ಡಾದಿಡ್ಡಿ. ಕಾನ್ವೆಂಟಿನಲ್ಲಿ ಓದಿದವರಿಗೆ ಅದು ತಪ್ಪು ಇಂಗ್ಲಿಷ್ ಆಗಿ ಕಂಡಿತು. ನಾನು ಅವನ ಮಾತನ್ನೆಲ್ಲ ನಮ್ಮ ಹಾಸನದ ಹಳ್ಳಿ ಕಡೆಯ ಕನ್ನಡದಲ್ಲಿ ಹೇಳಿ ತೋರಿಸಿದೆ. ಇಪ್ಪತ್ತೇಳನೇ ಅಧ್ಯಾಯಕ್ಕೆ ಬಂದಾಗ ಅದರ ಫಲ ಸಿಕ್ಕಿತು. ಅಲ್ಲಿ ಜೋ ಲಂಡನ್ನಿಗೆ ಪಿಪ್‌ನನ್ನು ನೋಡಲು ಬರುತ್ತಾನೆ. ಒಳ್ಳೇ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಟೋಪಿ ಹಿಡಿದುಕೊಂಡು. ಟೋಪಿ ಎಲ್ಲಿಡಬೇಕು ಅಂತ ಗೊತ್ತಾಗಲ್ಲ. ಬೆಂಕಿಗೂಡಿನ ಮೇಲಿನ ಅಂಚಿನಲ್ಲಿ ಇಡುತ್ತಾನೆ. ಅದು ಬೀಳುತ್ತೆ. ಹಿಡಿಯುತ್ತಾನೆ. ಮತ್ತೆ ಇಡುತ್ತಾನೆ, ಮತ್ತೆ ಬೀಳುತ್ತೆ. ಕೊನೆಗೆ ಚಹಾದ ಚರಟ ಚೆಲ್ಲುವ ಬೋಗುಣಿಯೊಳಗೇ ಹೋಗಿ ಬೀಳುತ್ತೆ. ಇಡೀ ಹೊತ್ತು ತಾನೇ ಸಾಕಿದ ಹುಡುಗನನ್ನು ಜೋ ‘ಸರ್’ ಅನ್ನುತ್ತಾನೆ. ನಡುವೆ ಮರೆತು ‘ಪಿಪ್’ ಅಂದುಬಿಡುತ್ತಾನೆ, ಮತ್ತೆ ‘ಸರ್’.

ಈ ‘ಸರ್’ ಅನ್ನುವುದನ್ನು ಇಂಗ್ಲಿಷ್ ವಿಮರ್ಶೆ ಓದಿ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ವರ್ಗ ವ್ಯತ್ಯಾಸ, ಅದು ಇದು. ಆವತ್ತು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸುಮ್ನೆ ಹೇಳಿದಳು, “ಮೇಡಂ, ಅಂದ್ರೆ ಮಗನಿಗೆ ‘ನೀವು’ ಅಂತಿದ್ದಾನೆ ಅಲ್ವಾ?” ಕ್ಲಾಸು ಸ್ತಬ್ಧವಾಯಿತು. ಇಂಗ್ಲಿಷ್‌ನಲ್ಲಿ ಎಲ್ಲರೂ ‘ಯೂ’. ಅಪ್ಪ ಮಗನಿಗೆ ‘ನೀವು’ ಅನ್ನುವ ಪೆಟ್ಟು ಎಂಥದ್ದು ಅಂತ ಕನ್ನಡ ಕಿವಿಗೇ ಗೊತ್ತು. ಹೊರಡುವ ಹೊತ್ತಿಗೆ ಜೋ ಮತ್ತೆ ಹಳೇ ಸಲಿಗೆಗೆ ಬರುತ್ತಾನೆ. ಒಬ್ಬ ಕಬ್ಬಿಣದ ಕಮ್ಮಾರ, ಒಬ್ಬ ಅಕ್ಕಸಾಲಿ, ಒಬ್ಬ ತಾಮ್ರದ ಕೆಲಸದವನು, ಬೇರೆಬೇರೆ ಆಗಲೇಬೇಕು ಕಣಪ್ಪ ಅನ್ನುವ ಧಾಟಿಯಲ್ಲಿ ಸಮಾಧಾನ ಹೇಳಿ, ಹಣೆ ಮುಟ್ಟಿ ಹೋಗಿಬಿಡುತ್ತಾನೆ. ಅಲ್ಲಿಗೆ ‘ನೀವು’ ಹೋಗಿ ‘ನೀನು’ ಬಂತು ನೋಡಿ ಅಂತ ಆ ಹುಡುಗಿಯೇ ತೋರಿಸಿದಳು. ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಈಗ ಪ್ರವಾಸದ ವಿಷಯ. ಟೂರ್ ಕಂಪನಿಯವರ ಜೊತೆ ಒಂದು ತಿಂಗಳು ಜಗಳ ಆಡಿ ಒಂದು ದಿನ ಖಾಲಿ ಬಿಡಿಸಿಕೊಂಡೆ. ಬಸ್ಸು ಬೇಡ, ಗೈಡ್ ಬೇಡ, ನಾವೇ ನಡೆಯುತ್ತೇವೆ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ಖಾಲಿ ದಿನಕ್ಕೂ ಬಸ್ಸಿನ ದುಡ್ಡು ಹಿಡಿದುಕೊಂಡರು, ಅದು ಬೇರೆ ಮಾತು.

ಬೆಳಿಗ್ಗೆ ಸ್ಮಿತ್‌ಫೀಲ್ಡಿನಿಂದ ಶುರು. ಪಿಪ್ ಲಂಡನ್ನಿಗೆ ಬಂದಿಳಿದ ಮೊದಲ ದಿನ, ತನ್ನ ದುಡ್ಡಿನ ವ್ಯವಹಾರ ನೋಡುವ ಲಾಯರ್ ಜ್ಯಾಗರ್ಸ್‌ನ ಆಫೀಸಿನಲ್ಲಿ ಕಾದು ಬೇಜಾರಾಗಿ ಅಡ್ಡಾಡುತ್ತಾ ಬರುವ ದನದ ಸಂತೆ ಅದು. ಕೊಳೆ, ಕೊಬ್ಬು, ರಕ್ತ ಎಲ್ಲ ಮೈಗೆ ಅಂಟಿಕೊಂಡ ಹಾಗಾಗುತ್ತೆ ಅವನಿಗೆ. ಜೀವಂತ ದನ ಮಾರುವುದು 1855ರಲ್ಲೇ ಅಲ್ಲಿಂದ ಎತ್ತಂಗಡಿ ಆಯಿತು. ಈಗಿರುವ ಮಾಂಸದ ಮಾರುಕಟ್ಟೆ ಕಟ್ಟಡ ಆಮೇಲಿನದು, 1868ರದ್ದು. ಪಕ್ಕದಲ್ಲೇ ಲಿಟಲ್ ಬ್ರಿಟನ್ ಅನ್ನುವ ಬೀದಿ, ಜ್ಯಾಗರ್ಸ್ ಲಾಯರ್ ಆಫೀಸು ಇದ್ದದ್ದು ಅಲ್ಲಿ. ಬೀದಿಯ ಹೆಸರಿನ ಬೋರ್ಡು ಕಂಡ ಕೂಡಲೇ ಮಕ್ಕಳು ಕಿರುಚಿದ ಸದ್ದಿಗೆ ಒಬ್ಬ ಅಜ್ಜಿ ಗಾಬರಿಯಾಗಿ ನಿಂತರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಓಲ್ಡ್ ಬೈಲಿ ಕೋರ್ಟು. ಪಿಪ್ ಕಂಡಿದ್ದು ಅಲ್ಲಿದ್ದ ನ್ಯೂಗೇಟ್ ಜೈಲನ್ನು, ಅದನ್ನು ಕೆಡವಿ ಕಟ್ಟಿದ್ದು ಈ ಕೋರ್ಟು. ಜೈಲಿನ ಹಿಂದಿನಿಂದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಪ್ಪಗೆ ಉಬ್ಬಿಕೊಂಡು ಕಾಣುತ್ತಿತ್ತು ಅಂತ ಪುಸ್ತಕದಲ್ಲಿದೆ. ಗುಮ್ಮಟ ಅಲ್ಲೇ ಇದೆ. ಕಪ್ಪು ಮಾತ್ರ ಇಲ್ಲ, ತೊಳೆದಿದ್ದಾರೆ. 2017ರಲ್ಲಿ ಇದೇ ಗುಮ್ಮಟದ ಮುಂದೆ ಇಪ್ಪತ್ತೆರಡು ಮಕ್ಕಳು ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದಿದ್ದರು. ಈ ಸಲ ಹದಿನಾಲ್ಕು ಮಂದಿ ಮುಖ ಮಾಡಿ ನಿಂತು ನೋಡಿದರು.

ಅಲ್ಲಿಂದ ಹೋಬರ್ನ್ ಕಡೆ ನಡೆದು ಬಾರ್ನಾರ್ಡ್ಸ್ ಇನ್. ಹೆಸರು ಕೇಳಿ ಪಿಪ್ ಅದನ್ನು ಬಾರ್ನಾರ್ಡ್ ಅನ್ನುವವನು ನಡೆಸುವ ಭಾರಿ ಹೋಟೆಲು ಅಂದುಕೊಂಡಿರುತ್ತಾನೆ. ನಮ್ಮ ಮಕ್ಕಳೂ ಹಾಗೇ ಅಂದುಕೊಂಡಿದ್ದರು. ಲಾಯರುಗಳು ಇರಲೆಂದು ಹಿಂದೆ ಕಟ್ಟಿದ ವಠಾರ ಅದು. ದೊಡ್ಡ ರಸ್ತೆಯಿಂದ ಒಂದು ಸಣ್ಣ ಓಣಿ, ಕಣ್ಣು ಮುಚ್ಚಿದರೆ ತಪ್ಪಿಹೋಗುವಷ್ಟು ಸಣ್ಣದು. ನಾವೂ ಎರಡು ಸಲ ದಾಟಿಹೋಗಿ ವಾಪಸ್ ಬಂದೆವು. ಒಳಗೆ ಪುಟ್ಟ ಅಂಗಳ, ಹಳೇ ಕಾಲದ ಒಂದು ಹಾಲ್. ಆಗ ಅಲ್ಲಿ ಗ್ರೆಶಮ್ ಕಾಲೇಜಿನವರು ಸಾರ್ವಜನಿಕ ಉಪನ್ಯಾಸ ನಡೆಸುತ್ತಿದ್ದರು. ನೋಡುವಂಥದ್ದು ಏನೂ ಇಲ್ಲ. ಟಿಕೆಟ್ ಇಲ್ಲ, ಮಾರಾಟಕ್ಕೆ ಮಗ್ ಇಲ್ಲ, ಕೀಚೈನ್ ಇಲ್ಲ. ಜೋ ಟೋಪಿ ಬೀಳಿಸಿದ ಕೋಣೆ ಇದ್ದದ್ದು ಈ ವಠಾರದಲ್ಲಿ.

ಒಬ್ಬ ಹುಡುಗನಿಗೆ ಆ ಅಧ್ಯಾಯ ಓದಲು ಹೇಳಿದೆ. ಮೊಬೈಲ್ ಹಿಡಿದುಕೊಂಡು ಓದಿದ. ಒಬ್ಬರು ಸೂಟು ಹಾಕಿದವರು ಸ್ಯಾಂಡ್‌ವಿಚ್ ತಿನ್ನುತ್ತಾ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಜೋ ಬರದ ಹಾಗೆ ಮಾಡಬಹುದಿದ್ದರೆ ಖಂಡಿತ ಕೊಡುತ್ತಿದ್ದೆ ಅಂತ ಪಿಪ್ ಒಪ್ಪಿಕೊಳ್ಳುವ ಸಾಲು ಬಂತು. ಹುಡುಗ ನಿಲ್ಲಿಸಿದ. ಅವನಿಗೆ ಕೆಮ್ಮು ಬಂತೇನೋ ಅಂತ ನನಗನ್ನಿಸಿತು. ಆಮೇಲೆ ಅವನು ಕನ್ನಡದಲ್ಲಿ, ನೆಲ ನೋಡುತ್ತಾ, “ಹೋದ ವರ್ಷ ನಮ್ಮಪ್ಪ ಹಾಸ್ಟೆಲ್ಲಿಗೆ ಬಂದಿದ್ರು ಮೇಡಂ, ಲುಂಗೀಲಿ. ಗೇಟ್ ಹತ್ರಾನೇ ನಿಲ್ಲಿಸಿ ಮಾತಾಡಿ ಕಳಿಸಿಬಿಟ್ಟೆ” ಅಂದ. ಯಾರೂ ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದವನು ಮೊಬೈಲ್ ತೆಗೆದುಕೊಂಡು ಮುಂದಕ್ಕೆ ಓದಿದ.

ಪತ್ರ ಬರೆದ ತಂದೆ ‘ಏನು ಉಪಯೋಗ’ ಅಂತ ಕೇಳಿದ್ದಾರಲ್ಲ, ಅವರಿಗೆ ನಾನು ಹೇಳಬೇಕು ಅಂತಿದ್ದದ್ದು ಇದನ್ನೇ.

ಇನ್ನೊಂದು ಮಾತೂ ಬರುತ್ತೆ, ನನಗೆ ಗೊತ್ತು. ನಮ್ಮನ್ನು ಆಳಿದವರ ಕಥೆ ನಮ್ಮ ಮಕ್ಕಳು ಯಾಕೆ ಓದಬೇಕು, ನಮ್ಮದೇ ಪುಸ್ತಕ ಓದಲಿ ಅಂತ. ಓದಲಿ, ಯಾರು ಬೇಡ ಅಂದರು. ಅಂದಹಾಗೆ ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದು 1965ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿಗೆ ಓದುತ್ತಿದ್ದಾಗ. ಕರ್ನಾಟಕದಿಂದ ಹೋಗುವ ಎಷ್ಟು ಗುಂಪುಗಳಿಗೆ ಇದು ನೆನಪಾಗುತ್ತೆ? ಆದರೆ ಆಳಿದವರ ಬಣ್ಣ ಅವರದೇ ಕಾದಂಬರಿಗಳಲ್ಲಿ ಬಯಲಾದಷ್ಟು ನಮ್ಮ ಪಠ್ಯಪುಸ್ತಕದಲ್ಲೂ ಆಗಿಲ್ಲ. ನಮ್ಮ ಗುಂಪಿನಲ್ಲಿ ಮಂಡ್ಯದ ಹುಡುಗಿಯೊಬ್ಬಳಿಗೆ ಓದುವ ಚಟ ಹತ್ತಿ, ಇನ್ನೊಂದು ಪುಸ್ತಕ ಹೇಳಿ ಅಂದಳು. ವಿಲ್ಕಿ ಕಾಲಿನ್ಸ್‌ನ ‘ದ ಮೂನ್‌ಸ್ಟೋನ್’ ಕೊಟ್ಟೆ, 1868ರದ್ದು, ಪತ್ತೇದಾರಿ. ಮಾರನೇ ದಿನ ಬೆಳಿಗ್ಗೆ ಫೋನು. “ಮೇಡಂ, ಮೊದಲನೇ ಪುಟದಲ್ಲೇ ಶ್ರೀರಂಗಪಟ್ಟಣ!” ಹೌದು. ಕಥೆ ಶುರುವಾಗುವುದೇ 1799ರಲ್ಲಿ ಇಂಗ್ಲಿಷರು ಕೋಟೆಗೆ ನುಗ್ಗಿದ ದಿನ. ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ವಜ್ರ ಕದಿಯುತ್ತಾನೆ, ಆ ಪಾಪ ಯಾರ್ಕ್‌ಶೈರಿನ ಒಂದು ಶ್ರೀಮಂತರ ಮನೆಯ ತನಕ ಬೆನ್ನು ಹತ್ತುತ್ತದೆ. 1857ರ ಸಿಪಾಯಿ ದಂಗೆ ಕಳೆದು ಹನ್ನೊಂದೇ ವರ್ಷಕ್ಕೆ ಒಬ್ಬ ಇಂಗ್ಲಿಷಿನವನು ‘ಕಳ್ಳ ನಮ್ಮ ಇಂಗ್ಲಿಷಿನವನೇ’ ಅಂತ ಬರೆದ. ವಜ್ರ ಕೊನೆಗೆ ಎಲ್ಲಿ ಸೇರುತ್ತೆ ಅಂತ ಹೇಳಲ್ಲ, ಓದಿಕೊಳ್ಳಲಿ.

ಆ ಹುಡುಗಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿಯ ಮುಂದೆ ಎಷ್ಟು ಹೊತ್ತು ನಿಂತಳು ಅಂದರೆ ಉಳಿದವರು ಹೋಗಿ ಕಾಫಿ ಕುಡಿದು ಬಂದರು. ಅಂಗಾತ ಬಿದ್ದ ಬಿಳಿ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದ ಹುಲಿ. ಹೊಟ್ಟೆಯೊಳಗೆ ಆರ್ಗನ್ ವಾದ್ಯ, ಹಿಡಿ ತಿರುಗಿಸಿದರೆ ಸಿಪಾಯಿ ಕೈ ಎತ್ತಿ ನರಳುವ ಹಾಗೆ ಮಾಡಿದ್ದಾರೆ. ಕೋಟೆ ಬಿದ್ದ ಮೇಲೆ ಸಾಗಿಸಿದ್ದು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನ ನೋಡಲಿ ಅಂತ ಇಟ್ಟಿದ್ದರು, ಹಿಡಿ ತಿರುಗಿಸಿ ತಿರುಗಿಸಿ ಲಂಡನ್ನಿನವರು ಮಜಾ ತೆಗೆದುಕೊಂಡಿದ್ದಾರೆ. “ನಮ್ಮೂರಿಂದ ಇಲ್ಲಿಗೆ ಬರೋಕೆ ನಾನು ವೀಸಾಗೆ ಮೂರು ಸಲ ಬೆಂಗಳೂರಿಗೆ ಓಡಾಡಿದೆ, ಇದು ಹಾಗೇ ಬಂತು” ಅಂದಳು. ಮ್ಯೂಸಿಯಂಗೆ ಒಳಗೆ ಹೋಗಲು ದುಡ್ಡಿಲ್ಲ, ಅದೊಂದು ಪುಣ್ಯ.

ಬಸವಣ್ಣನವರ ಪ್ರತಿಮೆಗೂ ಹೋದೆವು, ಥೇಮ್ಸ್ ದಂಡೆಯಲ್ಲಿ, 2015ರಲ್ಲಿ ಇಟ್ಟದ್ದು. ಕನ್ನಡದವರು ಹೋದ ಮೇಲೆ ನೋಡದೆ ಬರಲಾಗುತ್ತಾ. ಅಲ್ಲಿಂದ ಬರೋ ಅನ್ನುವ ಜಾಗಕ್ಕೆ ಬಂದು, ಸೇಂಟ್ ಜಾರ್ಜ್ ಚರ್ಚಿನ ಪಕ್ಕದ ಓಣಿಯಲ್ಲಿ ಉಳಿದಿರುವ ಒಂದು ಉದ್ದನೆಯ ಇಟ್ಟಿಗೆ ಗೋಡೆ ನೋಡಿದೆವು. ಸಾಲ ತೀರಿಸದವರನ್ನು ಕೂಡಿಹಾಕುತ್ತಿದ್ದ ಮಾರ್ಷಲ್‌ಸೀ ಜೈಲಿನದು. 1824ರಲ್ಲಿ ಡಿಕನ್ಸ್‌ನ ಅಪ್ಪನನ್ನು ಇಲ್ಲಿಟ್ಟಿದ್ದರು. ಹನ್ನೆರಡು ವರ್ಷದ ಮಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ಶಿಲ್ಲಿಂಗಿಗೆ ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿದ್ದ. “ಒಳಗೆ ಹಾಕಿದ ಮೇಲೆ ಸಾಲ ತೀರಿಸೋದು ಹೇಗೆ?” ಅಂತ ಒಬ್ಬ ಬಿಕಾಂ ಹುಡುಗ ಕೇಳಿದ. ಡಿಕನ್ಸ್ ‘ಲಿಟಲ್ ಡಾರಿಟ್’ ಅಂತ ಒಂದು ದಪ್ಪ ಕಾದಂಬರಿ ಪೂರ್ತಿ ಕೇಳಿದ್ದು ಅದನ್ನೇ.

ಹಾರ್ಡಿಯ ಊರಿಗೆ, ಬ್ರಾಂಟೆಯರ ಹಾವರ್ತ್‌ಗೆ ನಾವು ಹೋಗಲಿಲ್ಲ. ದೂರ. ಹತ್ತು ದಿನದಲ್ಲಿ ಎಲ್ಲ ಆಗಲ್ಲ. ಬಾತ್ ಊರಿಗೆ ಟೂರಿನವರೇ ಕರೆದುಕೊಂಡು ಹೋಗುತ್ತಾರೆ, ಅಲ್ಲಿಗೆ ಹೋಗುವ ಗುಂಪು ಆಸ್ಟಿನ್‌ನ ‘ಪರ್ಸುಯೇಷನ್’ ಓದಿದರೆ ಸಾಕು, ಚಿಕ್ಕದು, ಅರ್ಧ ಕಥೆ ಅಲ್ಲೇ ನಡೆಯುತ್ತೆ. ಎಲ್ಲಿಗೆ ಹೋಗುತ್ತೀರೋ ಆ ಬೀದಿಗಳಿರುವ ಪುಸ್ತಕ ಆರಿಸಿಕೊಳ್ಳಿ ಅನ್ನುವುದಷ್ಟೇ ನನ್ನ ಮಾತು. ಸ್ಕಾಟ್ಲೆಂಡಿಗೆ ಹೋಗುವವರಿಗೆ ಡಿಕನ್ಸ್ ಓದಿಸಿ ಪ್ರಯೋಜನವಿಲ್ಲ.

ಕಾಲೇಜಿನವರಲ್ಲಿ ನನ್ನ ಬೇಡಿಕೆ ಎರಡು. ಪಟ್ಟಿಯಲ್ಲಿ ಒಂದೇ ಹೆಸರು ಉಳಿಸಿ, ಐದು ತಿಂಗಳ ಮುಂಚೆ ಶುರು ಮಾಡಿ. ಹತ್ತು ದಿನದಲ್ಲಿ ಒಂದು ದಿನ ಆ ಪುಸ್ತಕಕ್ಕೆ ಬಿಡಿ. ಪುಸ್ತಕದ ಮೇಲೆ ಪರೀಕ್ಷೆ, ಪ್ರಾಜೆಕ್ಟು, ಪಿಪಿಟಿ ಮಾತ್ರ ದಯವಿಟ್ಟು ಬೇಡ.

ಆ ತಂದೆಯವರ ವಿಳಾಸ ನಿಮ್ಮ ಹತ್ತಿರ ಇರುತ್ತದೆ. ನನ್ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಪ್ರತಿ ಇದೆ, ಬೆನ್ನು ಕಿತ್ತು ಹೋಗಿದೆ, ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದೇನೆ. ಮಗಳಿಗೆ ಬೇಕಿದ್ದರೆ ನಿಮ್ಮ ಕಚೇರಿಗೆ ಕಳಿಸಿಕೊಡುತ್ತೇನೆ. ಪ್ರವಾಸ ಮುಗಿದ ಮೇಲೆ ವಾಪಸ್ ಮಾಡಲಿ. ಇಪ್ಪತ್ತೇಳನೇ ಅಧ್ಯಾಯದ ಪುಟ ಬಿಚ್ಚಿಕೊಂಡಿದೆ, ಅದು ಬಿದ್ದುಹೋಗದ ಹಾಗೆ ಸ್ವಲ್ಪ ನೋಡಿಕೊಳ್ಳಲು ಹೇಳಿ.

ಇಂತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ
ಹಾಸನ